ಹಾರ್ಡಿ ಕಾದಂಬರಿ ಬಿಟ್ಟಿದ್ದು ಯಾಕೆ?
'ಜೂಡ್ ದಿ ಅಬ್‌ಸ್ಕ್ಯೂರ್' ಆದಮೇಲೆ ಇಂಗ್ಲಿಷ್ ಲೇಖಕ ಥಾಮಸ್ ಹಾರ್ಡಿ ಕಾದಂಬರಿ ಬರೆಯೋದನ್ನೇ ಯಾಕೆ ಬಿಟ್ಟರು, ಮೊದಲು ಯಾವುದನ್ನು ಓದಲಿ ಅಂತ ಕೇಳಿದ್ದೀರಿ.

1895ರಲ್ಲಿ ಅದು ಬಂದಾಗ ಮದುವೆ, ಧರ್ಮದ ಬಗ್ಗೆ ಬರೆದದ್ದಕ್ಕೆ ವಿಮರ್ಶಕರು ಹರಿಹಾಯ್ದರು. ವೇಕ್‌ಫೀಲ್ಡ್‌ನ ಬಿಷಪ್ ಅಂತೂ ಪುಸ್ತಕವನ್ನು ಬೆಂಕಿಗೆ ಹಾಕಿದೆ ಅಂತ ಪತ್ರಿಕೆಗೇ ಬರೆದರು. ಆ ನೋವು ನಿಜ. ಆದರೆ ಅದೊಂದೇ ಕಾರಣ ಅನ್ನೋದನ್ನು ನಾನು ಒಪ್ಪಲ್ಲ. ಹಾರ್ಡಿಗೆ ಹರೆಯದಿಂದಲೂ ಕವಿತೆಯೇ ಪ್ರಾಣ, ಕಾದಂಬರಿ ಹೊಟ್ಟೆಪಾಡು. 1898ರಲ್ಲಿ ಮೊದಲ ಕವನ ಸಂಕಲನ ತಂದವರು 1928ರಲ್ಲಿ ತೀರಿಕೊಳ್ಳುವವರೆಗೂ ಕವಿತೆ ಬಿಡಲಿಲ್ಲ.

ನೀವು ಹಾರ್ಡಿಯ 'ಟೆಸ್' ಕಾದಂಬರಿಯಿಂದ ಶುರು ಮಾಡಿ. ಗಾಡಿಗಳು ಡಿಕ್ಕಿಯಾಗಿ ಮನೆಯ ಕುದುರೆಯ ಎದೆಗೆ ಎದುರು ಗಾಡಿಯ ಮೂಕಿಮರ ಹೊಕ್ಕಾಗ, ನಾಯಕಿ ಟೆಸ್ ಗಾಯಕ್ಕೆ ಕೈ ಒತ್ತಿ ರಕ್ತ ನಿಲ್ಲಿಸಲು ನೋಡುತ್ತಾಳೆ. ಮುಖದಿಂದ ಲಂಗದವರೆಗೂ ರಕ್ತ ಸಿಡಿಯುತ್ತದೆ. ಆ ಪುಟ ದಾಟಿದಮೇಲೆ ನೀವು ಪುಸ್ತಕ ಕೆಳಗಿಡಲ್ಲ.