ಹಳೇ ಸ್ಪೀಕರ್ ಬಾಕ್ಸಿಗೆ ಎಷ್ಟು ಕೊಡಬಹುದು? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಹಾಡು ಕೇಳುವ ಸೆಟ್ಟಿನ ಬಗ್ಗೆಯೇ ಇವೆ. ಎಲ್ಲರ ಬಜೆಟ್ಟೂ ಸಣ್ಣದು, ಆಸೆ ಮಾತ್ರ ದೊಡ್ಡದು. ಹೆಚ್ಚು ಜನ ಕೇಳಿದ್ದನ್ನು ಮೊದಲು ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಬಾಡಿಗೆ ಮನೆ, 10ಕ್ಕೆ 12 ಅಡಿ ಹಾಲ್. ಹಳೇ ಸಿನಿಮಾ ಹಾಡು, ಭಾವಗೀತೆ ಕೇಳೋದು ಜಾಸ್ತಿ, ಎಲ್ಲಾ ಫೋನಿನಿಂದಲೇ. ಕೈಯಲ್ಲಿರೋದು 15,000 ರೂಪಾಯಿ. ಎಲ್ಲರೂ ಸೌಂಡ್‌ಬಾರ್ ತಗೋ ಅಂತಾರೆ. ನನಗೆ ಹಳೇ ಆಂಪ್ಲಿಫೈಯರ್, ಮರದ ಬಾಕ್ಸ್ ಇಟ್ಟುಕೊಳ್ಳೋ ಆಸೆ. (ಬಸವನಗುಡಿ)

ಉತ್ತರ: ಸೌಂಡ್‌ಬಾರ್ ಬೇಡ. ಟಿವಿಯ ಮಾತು ಸ್ಪಷ್ಟವಾಗಿ ಕೇಳಿಸಲು ಅದು ಸರಿ, ಹಾಡಿಗೆ ಎಡ ಬಲ ಬೇರೆಯಾಗಿ ಕೇಳಬೇಕಲ್ವಾ? ಎರಡು ಬಾಕ್ಸ್ ದೂರ ದೂರ ಇಟ್ಟರೆ ಮಾತ್ರ ಅದು ಸಿಗುತ್ತದೆ. ಜೊತೆಗೆ ಸೌಂಡ್‌ಬಾರಿನ ಬೋರ್ಡ್ ಕೆಟ್ಟರೆ ರಿಪೇರಿ ಮಾಡುವವರು ಸಿಗುವುದು ಕಷ್ಟ.

ನಿಮ್ಮ ದುಡ್ಡಿನಲ್ಲಿ 9,000ದಿಂದ 10,000 ಬಾಕ್ಸಿಗೆ ಎತ್ತಿಡಿ. ಸದ್ದು ಬರುವುದು ಅಲ್ಲಿಂದ. ಎರಡು ಬೇರೆ ಬೇರೆ ಆಂಪ್ ಕೇಳಿದರೆ ವ್ಯತ್ಯಾಸ ಹುಡುಕಬೇಕಾಗುತ್ತದೆ, ಎರಡು ಬೇರೆ ಬೇರೆ ಬಾಕ್ಸ್ ಕೇಳಿದರೆ ಮಕ್ಕಳಿಗೂ ಗೊತ್ತಾಗುತ್ತದೆ. ಹಾಗಾಗಿ ಬಾಕ್ಸ್ ಹಳೇದು, ಆಂಪ್ ಹೊಸದು ಅನ್ನುವುದು ನನ್ನ ಸಲಹೆ. ಹಳೇ ಬಾಕ್ಸಿನಲ್ಲಿ ಕೆಡುವ ಜಾಗ ಎರಡೋ ಮೂರೋ, ಅಲ್ಲೇ ನಿಂತು ನೋಡಿ ಹೇಳಬಹುದು. ಹಳೇ ಆಂಪಿನೊಳಗೆ ಒಣಗಿದ ಕೆಪಾಸಿಟರ್, ಕರಕರ ಅನ್ನುವ ವಾಲ್ಯೂಮ್ ಕಂಟ್ರೋಲ್, ಯಾರೋ ಬದಲಾಯಿಸಿದ ಡೂಪ್ಲಿಕೇಟ್ ಐಸಿ ಚಿಪ್ ಎಲ್ಲಾ ಇರಬಹುದು. ಆಮೇಲೆ ಕೊಂಡ ಬೆಲೆಗಿಂತ ರಿಪೇರಿ ಬೆಲೆಯೇ ಜಾಸ್ತಿಯಾಗುತ್ತದೆ.

ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಟಿಪಿಎ3116 ಐಸಿ ಹಾಕಿದ ಪುಟ್ಟ ಸ್ಟೀರಿಯೋ ಬೋರ್ಡ್ ಕೇಳಿ. ಮನೆಯಲ್ಲಿ ಬಿದ್ದಿರುವ ಲ್ಯಾಪ್‌ಟಾಪಿನ 19 ವೋಲ್ಟ್ ಅಡಾಪ್ಟರಿನಲ್ಲೇ ಓಡುತ್ತದೆ. 8 ಓಮ್ ಬಾಕ್ಸಿಗೆ ಒಂದೊಂದು ಕಡೆ 20 ವ್ಯಾಟ್ ಹತ್ತಿರ ಕೊಡುತ್ತದೆ. ಸಾಲದು ಅನ್ನಿಸಿತಾ? ಸಾಮಾನ್ಯ ಬಾಕ್ಸು ಒಂದೇ ವ್ಯಾಟಿಗೆ, ಒಂದು ಮೀಟರ್ ದೂರದಲ್ಲಿ, 86ರಿಂದ 88 ಡೆಸಿಬೆಲ್ ಸದ್ದು ಮಾಡುತ್ತದೆ. ನಿಮ್ಮ ಹಾಲಿನಲ್ಲಿ ಒಂದೆರಡು ವ್ಯಾಟ್ ದಾಟಿದರೆ ಕೆಳಗಿನ ಮನೆಯ ಓನರ್ ಮೆಟ್ಟಿಲು ಹತ್ತಿ ಬರುತ್ತಾರೆ.

ಈಗ ಹಳೇ ಬಾಕ್ಸ್ ನೋಡುವ ಕ್ರಮ. ಭಾನುವಾರ ಬೆಳಿಗ್ಗೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆ ಕಡೆಯ ಸಂಡೇ ಬಜಾರಿಗೆ ಹೋದರೂ ಅಷ್ಟೇ, ಯಾರದೋ ಮನೆಯಲ್ಲಿ ಮಾರಾಟಕ್ಕಿಟ್ಟಿದ್ದನ್ನು ನೋಡಲು ಹೋದರೂ ಅಷ್ಟೇ. ಜೇಬಿನಲ್ಲಿ ಮಲ್ಟಿಮೀಟರ್, ಒಂದು ಪೆನ್‌ಸೆಲ್, ಎರಡು ತುಂಡು ವೈರ್ ಇರಲಿ. ಮುಂದಿನ ಬಟ್ಟೆ ಅಥವಾ ಜಾಲರಿ ತೆಗೆಸಿ. ತೆಗೆಯಲ್ಲ ಅಂದರೆ ಅದನ್ನು ಬಿಟ್ಟು ಮುಂದಕ್ಕೆ ಹೋಗಿ.

ಒಳಗೆ ಕಾಣುವ ಬಟ್ಟಲಿನಂಥ ಕೋನಿನ ಸುತ್ತ ಒಂದು ಅಂಚು ಇರುತ್ತದೆ. ಅದು ಫೋಮ್ ಆಗಿದ್ದರೆ ಬೆರಳಿನಿಂದ ಮೆಲ್ಲಗೆ ಮುಟ್ಟಿ. ಜಿಗುಟಾಗಿ ಪುಡಿ ಅಂಟಿಕೊಂಡರೆ ಅದರ ಆಯುಷ್ಯ ಮುಗಿದಿದೆ. 15, 20 ವರ್ಷ ಆದಮೇಲೆ ಫೋಮ್ ಹಾಡಿಸಿದರೂ ಹಾಡಿಸದಿದ್ದರೂ ತಾನೇ ಉದುರುತ್ತದೆ, "ಸರ್, ಒಂದು ದಿನಾನೂ ಯೂಸ್ ಮಾಡಿಲ್ಲ" ಅನ್ನುವ ಮಾತಿಗೆ ಬೆಲೆ ಇಲ್ಲ. ರಬ್ಬರ್ ಅಥವಾ ಬಟ್ಟೆಯ ಅಂಚಾದರೆ ಬಾಳಿಕೆ ಜಾಸ್ತಿ. ಫೋಮ್ ಹೋಗಿದೆ ಅಂತ ಒಳ್ಳೆ ಬಾಕ್ಸನ್ನು ಬಿಡಬೇಕಾಗಿಲ್ಲ, ಹೊಸ ರಿಂಗ್ ಅಂಟಿಸಬಹುದು. ಬೆಲೆ ಮಾತ್ರ ಆ ಖರ್ಚನ್ನೂ ಸೇರಿಸಿ ಇಳಿಸಿ.

ಆಮೇಲೆ ನಾಲ್ಕು ಬೆರಳನ್ನು ನಡುವಿನ ಗುಬುಟಿನ ಸುತ್ತ ಸಮನಾಗಿ ಇಟ್ಟು ಕೋನನ್ನು ಒಳಕ್ಕೆ ಒತ್ತಿ, ಕಿವಿ ಹತ್ತಿರ ತಂದು. ಸದ್ದಿಲ್ಲದೆ ಹೋಗಿ ಬಂದರೆ ಸರಿ. ಕರ್ರ್ ಅಂದರೆ ಕೋನಿನ ಹಿಂದಿನ ತಂತಿ ಸುರುಳಿ, ಅಂದರೆ ವಾಯ್ಸ್ ಕಾಯಿಲ್, ಉಜ್ಜುತ್ತಿದೆ, ಕೈಬಿಡಿ. ಮಲ್ಟಿಮೀಟರನ್ನು ಹಿಂದಿನ ಟರ್ಮಿನಲ್‌ಗೆ ಹಿಡಿದರೆ 8 ಓಮ್ ಬಾಕ್ಸಿನಲ್ಲಿ 6ರ ಆಸುಪಾಸು ತೋರಿಸಬೇಕು. 6 ಬಂದದ್ದಕ್ಕೆ ಗಾಬರಿ ಬೇಡ, ಅದು ಹಾಗೇ. ಏನೂ ತೋರಿಸದಿದ್ದರೆ ಕಾಯಿಲ್ ಸುಟ್ಟಿರಬಹುದು. ಒಂದು ವಿಷಯ ಮಾರುವವರು ಹೇಳುವುದಿಲ್ಲ: ಮೀಟರಿಗೆ ಕಾಣುವುದು ವೂಫರ್, ಅಂದರೆ ದಪ್ಪ ಸದ್ದಿನ ದೊಡ್ಡ ಸ್ಪೀಕರ್ ಮಾತ್ರ. ಚೂಪು ಸದ್ದಿನ ಸಣ್ಣ ಸ್ಪೀಕರ್, ಅಂದರೆ ಟ್ವೀಟರಿನ ಮುಂದೆ ಕೆಪಾಸಿಟರ್ ಇರುವುದರಿಂದ ಅದು ಸತ್ತಿದ್ದರೂ ಮೀಟರ್ 6 ಅಂತಲೇ ತೋರಿಸುತ್ತದೆ. ಅದಕ್ಕೇ ಹಾಡು ಹಾಕಿಸಿ, ಟ್ವೀಟರಿಗೆ ಕಿವಿ ಹಚ್ಚಿ, ಗೆಜ್ಜೆಯ ಅಥವಾ ತಾಳದ ಸದ್ದು ಅಲ್ಲಿಂದಲೇ ಬರುತ್ತಿದೆಯಾ ನೋಡಿ. ಹಾಡು ಹಾಕಿಸಲು ವ್ಯವಸ್ಥೆ ಇಲ್ಲದಿದ್ದರೆ ಪೆನ್‌ಸೆಲ್ಲನ್ನು ಒಂದು ಕ್ಷಣ ತಾಗಿಸಿ. ಟಪ್ ಅಂದರೆ ವೂಫರ್ ಬದುಕಿದೆ. ಟ್ವೀಟರ್ ಕಥೆ ಗೊತ್ತಾಗಿಲ್ಲವಲ್ಲ, ಅರ್ಧ ಬೆಲೆ ಹೇಳಿ. ಮುಖದಲ್ಲಿ ಮಾತ್ರ ಆಸೆ ತೋರಿಸಬೇಡಿ.

ಮನೆಗೆ ತಂದಮೇಲೆ ಶೋಕೇಸಿನೊಳಗೆ ತುರುಕಬೇಡಿ. ಟ್ವೀಟರ್ ನೀವು ಕೂತಾಗ ಕಿವಿಯ ಎತ್ತರಕ್ಕೆ ಬರಲಿ, ಗೋಡೆಯಿಂದ ಒಂದಡಿಯಾದರೂ ಮುಂದಿರಲಿ. ವಿಟ್ರಿಫೈಡ್ ಟೈಲ್ಸು, ಬೋಳು ಗೋಡೆ ಇರುವ ಹಾಲಿನಲ್ಲಿ ಒಂದು ಚಪ್ಪಾಳೆ ತಟ್ಟಿ, ಝಣ್ ಅಂತ ವಾಪಸ್ ಬರುತ್ತದೆ. ನೆಲಕ್ಕೊಂದು ದಪ್ಪ ಜಮಖಾನ, ಕಿಟಕಿಗೆ ಪರದೆ, ಹಿಂದಿನ ಗೋಡೆಗೆ ಪುಸ್ತಕದ ಬೀರು. ಇದು ಯಾವ ಹೊಸ ಆಂಪಿಗಿಂತಲೂ ಜಾಸ್ತಿ ಕೆಲಸ ಮಾಡುತ್ತದೆ.

ಪ್ರಶ್ನೆ: ಹಳೇ ಜಪಾನ್ ರಿಸೀವರ್ ಒಂದು ಅಗ್ಗಕ್ಕೆ ಸಿಕ್ಕಿತು. ಹಿಂದೆ 100 ವೋಲ್ಟ್ ಅಂತ ಇದೆ. ವೋಲ್ಟ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿ ಆನ್ ಮಾಡಿದರೆ ಲೈಟ್ ಬರುತ್ತದೆ, ಎಫ್‌ಎಂ ಒಂದೂ ಹಿಡಿಯಲ್ಲ. ಆಂಟೆನಾ ಬದಲಾಯಿಸಬೇಕಾ? (ಯಲಹಂಕ)

ಉತ್ತರ: ಆಂಟೆನಾಗೆ ದುಡ್ಡು ಹಾಕಬೇಡಿ. ಡಯಲ್ ನೋಡಿ, 76ರಿಂದ 90ರವರೆಗೆ ಇರುತ್ತದೆ. ಜಪಾನಿನವರು ತಮ್ಮ ದೇಶದಲ್ಲೇ ಮಾರಲು ಮಾಡಿದ ಹಳೇ ಸೆಟ್ಟುಗಳ ಎಫ್‌ಎಂ ಅಷ್ಟೇ. ನಮ್ಮೂರಿನ ರೇನ್‌ಬೋ 101.3ರಲ್ಲಿ, ವಿವಿಧ ಭಾರತಿ 102.9ರಲ್ಲಿ. ಆ ಡಯಲ್ ಅಲ್ಲಿಗೆ ಮುಟ್ಟುವುದೇ ಇಲ್ಲ. ಎಫ್‌ಎಂ ಹಿಡಿಯದಿರುವುದು ಸೆಟ್ಟಿನ ದೋಷ ಅಲ್ಲ, ಫೋನನ್ನು ಆಕ್ಸ್ ಅಂತ ಬರೆದಿರುವ ಇನ್‌ಪುಟ್‌ಗೆ ಹಾಕಿ ಕೇಳಿ.

ನೀವು ನೇರವಾಗಿ 230ಕ್ಕೆ ಚುಚ್ಚದೆ ಸ್ಟೆಪ್‌ಡೌನ್ ಹಾಕಿದ್ದು ಪುಣ್ಯ. ಹಿಂದೆ ಬರೆದಿರುವ ವ್ಯಾಟಿಗಿಂತ ದೊಡ್ಡ ಟ್ರಾನ್ಸ್‌ಫಾರ್ಮರ್ ಇರಲಿ. ಆದರೆ ಇನ್ನೂ ಬಾಕ್ಸ್ ಜೋಡಿಸಿಲ್ಲವಾದರೆ ತಡೀರಿ. ಎಲೆಕ್ಟ್ರಿಷಿಯನ್‌ಗಳ ಹತ್ತಿರ ಬಲ್ಬಿನ ಮೂಲಕವೇ ಕರೆಂಟ್ ಹೋಗುವ ಸೀರೀಸ್ ಬೋರ್ಡ್ ಇರುತ್ತದೆ, ಅದಕ್ಕೆ 100 ವ್ಯಾಟಿನ ಹಳೇ ಗುಂಡು ಬಲ್ಬ್ ಹಾಕಿ, ಎಲ್‌ಇಡಿ ಅಲ್ಲ. ಅದರ ಮೂಲಕ ಸೆಟ್ ಆನ್ ಮಾಡಿ. ಬಲ್ಬ್ ಒಮ್ಮೆ ಹೊಳೆದು ಮಂಕಾದರೆ ಒಳ್ಳೆಯ ಲಕ್ಷಣ. ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ, ಬಲ್ಬ್ ಇದ್ದದ್ದಕ್ಕೆ ಸೆಟ್ ಉಳಿಯಿತು ಅಂದುಕೊಂಡು ಆಫ್ ಮಾಡಿ. ಮಂಕಾಯಿತಾ, ಬಲ್ಬ್ ತೆಗೆದು, ವಾಲ್ಯೂಮ್ ಸೊನ್ನೆಗೆ ಇಟ್ಟು, ಬಾಕ್ಸ್ ಜೋಡಿಸುವ ಟರ್ಮಿನಲ್‌ನಲ್ಲಿ ಡಿಸಿ ಅಳೆಯಿರಿ. 50 ಮಿಲಿವೋಲ್ಟ್ ಒಳಗಿದ್ದರೆ ಜೋಡಿಸಿ. 100 ದಾಟಿದರೆ ಮೆಕ್ಯಾನಿಕ್ ಹತ್ತಿರ ಹೋಗಿ. ಪೂರ್ತಿ ವೋಲ್ಟುಗಳಲ್ಲೇ ಬಂದರೆ ವೂಫರ್ ಸುಡುತ್ತದೆ.

ಪ್ರಶ್ನೆ: ತಾತನ ಕಾಲದ ನಾಟಕದ ಹಾಡಿನ, ನಿಮಿಷಕ್ಕೆ 78 ಸುತ್ತಿನ ಗ್ರಾಮಫೋನ್ ಪ್ಲೇಟುಗಳು ಒಂದು ಪೆಟ್ಟಿಗೆ ಇವೆ. ಆನ್‌ಲೈನಿನಲ್ಲಿ ಸಿಗುವ ಸೂಟ್‌ಕೇಸ್ ಪ್ಲೇಯರ್ ತಗೊಳ್ಳಲಾ? (ಜಯನಗರ)

ಉತ್ತರ: 78 ಸ್ಪೀಡ್ ಇದೆ ಅಂತ ಬರೆದಿದ್ದರೂ ನೀಡಲ್ ಯಾವುದು ಅಂತ ಕೇಳಿ. ಆಮೇಲೆ ಬಂದ ಎಲ್‌ಪಿ ಪ್ಲೇಟಿನ ಗೆರೆ ಸಣ್ಣದು, 78ರದ್ದು ಅದರ ಮೂರು ಪಟ್ಟು ಅಗಲ. ಎಲ್‌ಪಿ ನೀಡಲ್ 78ರ ಗೆರೆಯ ತಳದಲ್ಲಿ ಓಡಾಡಿ ಕಸದ ಸದ್ದನ್ನೇ ಎತ್ತುತ್ತದೆ, ತಾನೂ ಸವೆಯುತ್ತದೆ. ಹಳೇ ಪೆಟ್ಟಿಗೆ ಪ್ಲೇಯರುಗಳಲ್ಲಿ ಆರ್ಮಿನ ತುದಿಯಲ್ಲಿ ಒಂದು ಪುಟ್ಟ ಕಡ್ಡಿ ಇರುತ್ತಿತ್ತು, ತಿರುಗಿಸಿದರೆ ಒಂದು ಮಗ್ಗುಲು ಎಲ್‌ಪಿಗೆ, ಇನ್ನೊಂದು 78ಕ್ಕೆ. ಅಂಥದ್ದು ಸಿಕ್ಕರೆ ಬಿಡಬೇಡಿ. ಅವುಗಳಲ್ಲಿ ನೀಡಲ್ ಕೂರುವ ಭಾಗ ಹೆಚ್ಚಾಗಿ ಸೆರಾಮಿಕ್ ಕಾರ್ಟ್ರಿಜ್, ಆಂಪಿನ ಆಕ್ಸ್‌ಗೇ ಹಾಕಬಹುದು. ಮ್ಯಾಗ್ನೆಟ್ ಕಾರ್ಟ್ರಿಜ್ ಆದರೆ ಬರುವುದು 3ರಿಂದ 5 ಮಿಲಿವೋಲ್ಟ್, ಫೋನೋ ಅಂತ ಬರೆದಿರುವ ಕಡೆಯೇ ಹಾಕಬೇಕು.

ಮುಖ್ಯವಾದ್ದು ಇದು. ಆ ಪ್ಲೇಟುಗಳು ಅರಗಿನವು. ಸ್ಪಿರಿಟ್ ಹಾಕಿ ಒರೆಸಿದರೆ ಅರಗು ಕರಗುತ್ತದೆ, ಹಾಡೂ ಹೋಗುತ್ತದೆ. ಡಿಸ್ಟಿಲ್ಡ್ ವಾಟರಿಗೆ ಒಂದು ಹನಿ ಸೋಪು, ಮೆತ್ತನೆ ಬಟ್ಟೆ, ಲೇಬಲ್ ನೆನೆಯದ ಹಾಗೆ. ಒಂದರ ಮೇಲೊಂದು ಪೇರಿಸದೆ ನಿಲ್ಲಿಸಿಡಿ.

ಪ್ರಶ್ನೆ: ಆಂಪ್ ಆನ್ ಮಾಡಿದರೆ ಗುಂಯ್ ಅನ್ನುತ್ತದೆ. ಏನು ಮಾಡೋದು? (ಕೆಂಗೇರಿ)

ಉತ್ತರ: ಹಿಂದಿನ ಎಲ್ಲಾ ಇನ್‌ಪುಟ್ ವೈರ್ ಕಿತ್ತುಬಿಡಿ. ಸದ್ದು ನಿಂತರೆ ಆಂಪ್ ತಪ್ಪಲ್ಲ, ಒಂದೊಂದೇ ಮತ್ತೆ ಚುಚ್ಚುತ್ತಾ ಬನ್ನಿ. ಟಿವಿಗೆ ಜೋಡಿಸಿದ್ದರೆ ಹೆಚ್ಚಾಗಿ ಕೇಬಲ್‌ನವರ ವೈರ್ ಕಾರಣ, ಸೆಟ್‌ಟಾಪ್ ಬಾಕ್ಸಿನಿಂದ ಅದನ್ನು ಬಿಚ್ಚಿದ ತಕ್ಷಣ ಗೊತ್ತಾಗುತ್ತದೆ. ಎಲ್ಲಾ ಕಿತ್ತರೂ, ವಾಲ್ಯೂಮ್ ಸೊನ್ನೆ ಮಾಡಿದರೂ ಗುಂಯ್ ಉಳಿದರೆ ಪವರ್ ಸಪ್ಲೈನ ದೊಡ್ಡ ಕೆಪಾಸಿಟರ್ ಒಣಗಿರುವ ಸಾಧ್ಯತೆ ಜಾಸ್ತಿ. ಕರೆಂಟ್ ಹೋಗಿ ಯುಪಿಎಸ್ ಮೇಲೆ ಓಡುವಾಗ ಮಾತ್ರ ಆಂಪಿನ ಡಬ್ಬಿಯೇ ಗುರ್ ಅನ್ನುತ್ತಿದ್ದರೆ ಅದು ಸ್ಕ್ವೇರ್ ವೇವ್ ಯುಪಿಎಸ್ಸಿನ ಕಾಟ, ಆಗ ಹಾಡು ನಿಲ್ಲಿಸಿ ಕಾಫಿ ಕುಡಿಯಿರಿ. ಏನೇ ಆದರೂ ಅರ್ಥಿಂಗ್ ಪಿನ್ ಮುರಿದು ಹಾಕುವ ಉಪಾಯ ಬೇಡ. ಯಾರು ಹೇಳಿದರೂ ಬೇಡ.

ಪ್ರಶ್ನೆ: ಅಂಗಡಿಯವರು 2,000 ವ್ಯಾಟ್ ಪಿಎಂಪಿಒ ಅಂತಾರೆ. ನಂಬಬಹುದಾ? (ರಾಜಾಜಿನಗರ)

ಉತ್ತರ: ಇಲ್ಲ. ಪಿಎಂಪಿಒ ಅಂದರೆ ಕ್ಷಣಮಾತ್ರದ ಉಬ್ಬಿಸಿದ ಲೆಕ್ಕ. ಸತತವಾಗಿ ಕೊಡುವ ಶಕ್ತಿ, ಅಂದರೆ ಆರ್‌ಎಂಎಸ್ ಎಷ್ಟು ಅಂತ ಕೇಳಿ, ಮಾತು ಬದಲಾಯಿಸಿದರೆ ಅಂಗಡಿ ಬದಲಾಯಿಸಿ.

ಪ್ರಶ್ನೆ: ಅಪ್ಪ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಬಿಇಎಲ್‌ನಲ್ಲಿದ್ದರು. ಅವರ ಟ್ರಂಕಿನಲ್ಲಿ ಬಿಇಎಲ್ ಗುರುತಿನ, ಹಳೇ ರೇಡಿಯೋಗಳ ಗಾಜಿನ ಇಎಲ್84 ವಾಲ್ವ್ ನಾಲ್ಕು ಸಿಕ್ಕಿವೆ. ಮಾರಲಾ, ಇಟ್ಟುಕೊಳ್ಳಲಾ? (ವಿದ್ಯಾರಣ್ಯಪುರ)

ಉತ್ತರ: ಇಟ್ಟುಕೊಳ್ಳಿ! ಬಿಇಎಲ್ 1960ರ ದಶಕದಲ್ಲೇ ಇಲ್ಲಿ ರೇಡಿಯೋ ವಾಲ್ವ್ ಮಾಡುತ್ತಿತ್ತು, ದೇಶದ ಎಷ್ಟೋ ರೇಡಿಯೋಗಳಲ್ಲಿ ನಮ್ಮೂರಿನ ಗಾಜು ಉರಿದಿದೆ. ನಾಲ್ಕು ಇಎಲ್84 ಅಂದರೆ ಒಂದೊಂದು ಕಡೆಗೆ ಎರಡರಂತೆ 10 ವ್ಯಾಟ್ ಮೀರುವ ಸ್ಟೀರಿಯೋ ಆಂಪ್ ಆಗುತ್ತದೆ. ಆದರೆ ಅಗ್ಗ ಆಗುವುದಿಲ್ಲ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ಗಳೇ ಜೇಬು ಖಾಲಿ ಮಾಡುತ್ತವೆ. ಒಳಗೆ 300 ವೋಲ್ಟ್ ಡಿಸಿ ಓಡಾಡುತ್ತದೆ, ಸ್ವಿಚ್ ಆಫ್ ಮಾಡಿದಮೇಲೂ ಕೆಪಾಸಿಟರಿನಲ್ಲಿ ಉಳಿದಿರುತ್ತದೆ. ವಾಲ್ವ್ ಕೆಲಸ ಗೊತ್ತಿರುವ ಹಿರಿಯ ಮೆಕ್ಯಾನಿಕ್ ಸಿಗುವವರೆಗೆ ಹತ್ತಿಯಲ್ಲಿ ಸುತ್ತಿಡಿ, ಯೂಟ್ಯೂಬ್ ನೋಡಿಕೊಂಡು ಕೈ ಹಾಕಬೇಡಿ.

ಪ್ರಶ್ನೆ: ಸ್ಪೀಕರ್ ಕೇಬಲ್‌ಗೆ ಮೀಟರಿಗೆ ಸಾವಿರಾರು ರೂಪಾಯಿ ಹೇಳುತ್ತಾರೆ. ನಿಜಕ್ಕೂ ಬೇಕಾ? (ಮಲ್ಲೇಶ್ವರಂ)

ಉತ್ತರ: ಎಲೆಕ್ಟ್ರಿಕಲ್ ಅಂಗಡಿಯಲ್ಲಿ 1.5 ಸ್ಕ್ವೇರ್ ಎಂಎಂ ತಾಮ್ರದ ಫ್ಲೆಕ್ಸಿಬಲ್ ವೈರ್ ಕೇಳಿ. ಬಾಕ್ಸಿಗೆ 3 ಮೀಟರ್ ದೂರ ಅಂದರೆ ಹೋಗಿ ಬರಲು 6 ಮೀಟರ್, ಅದರ ಅಡ್ಡಿ 0.07 ಓಮ್ ಆಸುಪಾಸು. 8 ಓಮ್ ಬಾಕ್ಸಿನ ಮುಂದೆ ಅದು ಲೆಕ್ಕಕ್ಕಿಲ್ಲ. ತಾಮ್ರವೇನಾ, ತಾಮ್ರ ಬಳಿದ ಅಲ್ಯೂಮಿನಿಯಮ್ಮಾ ಅಂತ ತುದಿ ಕೆರೆದು ನೋಡಿ. ಕೆಂಪು, ಕಪ್ಪು ಎರಡು ಬಣ್ಣ ತಗೊಳ್ಳಿ. ಒಂದು ಬಾಕ್ಸಿನಲ್ಲಿ ಪ್ಲಸ್ ಮೈನಸ್ ಅದಲುಬದಲಾದರೆ ಬೇಸ್ ಮಾಯವಾಗುತ್ತದೆ, ಹಾಡುವವರು ನಡುವೆ ನಿಲ್ಲದೆ ಎಲ್ಲೆಲ್ಲೋ ಹೋಗುತ್ತಾರೆ, ಆಮೇಲೆ ನೀವು ಕೇಬಲ್ ಸರಿ ಇಲ್ಲ ಅಂತ ಮತ್ತೆ ಅದೇ ಅಂಗಡಿಗೆ ಹೋಗುತ್ತೀರಿ.