ಗರ್ಭಕೋಶ ತೆಗೆಸ್ಲೇಬೇಕಾ ಮೇಡಂ?

ಪ್ರಶ್ನೆ: ಮೇಡಂ ನಮಸ್ತೆ, ನನಗೆ 38, ಇಬ್ರು ಮಕ್ಳು. ಬಿಳಿ ಜಾಸ್ತಿ ಹೋಗ್ತಿದೆ ಅಂತ ತೋರಿಸೋಕೆ ಹೋದಾಗ ಪ್ಯಾಪ್ ಸ್ಮಿಯರ್ (ಗರ್ಭಕೋಶದ ಬಾಯಿಯ ಜೀವಕೋಶ ತೆಗೆದು ನೋಡೋ ಟೆಸ್ಟ್) ಮಾಡಿದ್ರು, ಆಮೇಲೆ ಕಾಲ್ಪಸ್ಕೋಪಿ (ಆ ಜಾಗನ ಯಂತ್ರದಲ್ಲಿ ದೊಡ್ಡದಾಗಿ ನೋಡೋದು), ಬಯಾಪ್ಸಿ (ಚೂರು ತೆಗೆದು ಲ್ಯಾಬ್‌ಗೆ ಕಳಿಸೋದು) ಎಲ್ಲಾ ಆಗಿ ಸಿನ್ 3 ಅಂತ ಬಂದಿದೆ. ಒಬ್ರು ಡಾಕ್ಟ್ರು ಲೀಪ್ (ಕೆಟ್ಟ ಭಾಗ ಮಾತ್ರ ತಂತಿಯಿಂದ ಕತ್ತರಿಸಿ ತೆಗೆಯೋದು) ಸಾಕು, ಅವತ್ತೇ ಮನೆಗೆ ಹೋಗ್ಬಹುದು ಅಂದ್ರು, ಇನ್ನೊಬ್ರು ಮಕ್ಳಾಗಿದೆಯಲ್ಲ ಗರ್ಭಕೋಶಾನೇ ತೆಗೆಸ್ಬಿಡಿ ಅಂತಾರೆ. ನಮ್ಮತ್ತೇದೂ ಅದೇ ಮಾತು. ಇದು ಕ್ಯಾನ್ಸರ್ರಾ? ಲೀಪ್ ಮಾಡೋವಾಗ ನೋವಾಗತ್ತಾ? ನಮ್ಮನೆಯವರಿಂದ ಬಂತಾ?
– ಹೆಸರು ಬೇಡ, ತುಮಕೂರು

ಉತ್ತರ: ಮೊದಲು ಧೈರ್ಯ ತಗೊಳ್ಳಿ, ಸಿನ್ 3 ಕ್ಯಾನ್ಸರ್ ಅಲ್ಲ. ಗರ್ಭಕೋಶದ ಬಾಯಿಯ ಮೇಲ್ಪದರದ ಜೀವಕೋಶಗಳು ಕೆಟ್ಟಿವೆ, ಒಳಗೆ ಇಳಿದಿಲ್ಲ, ಅಷ್ಟೇ. ಹಂಗಂತ ಬಿಟ್ಟು ಕೂರೋ ಹಾಗೂ ಇಲ್ಲ, ನ್ಯೂಜಿಲೆಂಡ್‌ನಲ್ಲಿ ಸರಿಯಾಗಿ ಚಿಕಿತ್ಸೆ ಸಿಗದೆ ಉಳಿದ ಹೆಂಗಸರನ್ನ ಲೆಕ್ಕ ಹಾಕಿದಾಗ 30 ವರ್ಷದಲ್ಲಿ ನೂರಕ್ಕೆ ಸುಮಾರು 30 ಜನಕ್ಕೆ ಅದು ಕ್ಯಾನ್ಸರ್ ಆಗಿತ್ತು.

ಲೀಪ್ ಅಂದ್ರೆ ಪ್ಯಾಪ್ ಸ್ಮಿಯರ್‌ಗೆ ಮಲಗಿದ್ರಲ್ಲ, ಹಾಗೇ ಮಲಗೋದು. ತೊಡೆಗೊಂದು ಪ್ಯಾಡ್ ಅಂಟಿಸ್ತಾರೆ, ಅದು ಕರೆಂಟ್‌ಗೆ. ಅಸಿಟಿಕ್ ಆಸಿಡ್ ಹಚ್ಚಿದ್ರೆ ಕೆಟ್ಟ ಜಾಗ ಬೆಳ್ಳಗಾಗತ್ತೆ, ಅಯೋಡಿನ್ ಹಚ್ಚಿದ್ರೆ ಚೆನ್ನಾಗಿರೋ ಜಾಗ ಕಂದು ಆಗಿ ಕೆಟ್ಟಿದ್ದು ಹಳದಿಯಾಗೇ ಉಳಿಯತ್ತೆ. ಆಮೇಲೆ ಮರಗಟ್ಟೋ ಇಂಜೆಕ್ಷನ್, ಅದರಲ್ಲಿ ಅಡ್ರಿನಾಲಿನ್ ಸೇರಿಸಿರ್ತಾರೆ, ಅದಕ್ಕೇ ಒಂದೆರಡು ನಿಮಿಷ ಎದೆ ಡವಡವ ಅನ್ನತ್ತೆ ಕಾಲು ನಡುಗತ್ತೆ, ಇದನ್ನ ಎಷ್ಟೋ ಕಡೆ ಮೊದಲೇ ಹೇಳಲ್ಲ, ಪಾಪ ಹೆಂಗಸರು ಏನೋ ಆಗೋಯ್ತು ಅಂತ ಗಾಬರಿ ಬೀಳ್ತಾರೆ. ಬಿಸಿಯಾದ ತಂತಿ ಕುಣಿಕೆಯಿಂದ ಆ ಭಾಗನ ಕತ್ತರಿಸಿ ತೆಗೀತಾರೆ, ಹೆಚ್ಚಂದ್ರೆ ಹದಿನೈದಿಪ್ಪತ್ತು ನಿಮಿಷ. ಸುಟ್ಟ ವಾಸನೆ ಬರತ್ತೆ, ಮುಟ್ಟಿನ ನೋವಿನ ಥರ ಸ್ವಲ್ಪ ಹಿಡಿಯತ್ತೆ.

ಈಗ ಗರ್ಭಕೋಶದ ವಿಷಯ. ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ, ಮಕ್ಳಾಗಿದೆ ಅನ್ನೋದು ಗರ್ಭಕೋಶ ತೆಗೆಯೋಕೆ ಕಾರಣ ಅಲ್ಲ. ಲೀಪ್‌ನಲ್ಲಿ ತೆಗೆದ ತುಂಡು ಲ್ಯಾಬ್‌ಗೆ ಹೋಗತ್ತೆ, ಅಂಚು ಶುದ್ಧ ಇದೆಯಾ, ಎಲ್ಲಾದ್ರೂ ಕ್ಯಾನ್ಸರ್ ಅಡಗಿದೆಯಾ ಅನ್ನೋದು ಅಲ್ಲೇ ಗೊತ್ತಾಗೋದು. ಅದನ್ನ ನೋಡದೆ ನೇರ ಗರ್ಭಕೋಶ ತೆಗೆದು, ಆಮೇಲೆ ಒಳಗೆ ಕ್ಯಾನ್ಸರ್ ಸಿಕ್ಕಿದ್ರೆ ಆ ಆಪರೇಷನ್ ಸಾಲದೇ ಹೋಗ್ಬಹುದು, ಮತ್ತೆ ಆಪರೇಷನ್ನೋ ರೇಡಿಯೇಷನ್ನೋ ಅಂತ ಒದ್ದಾಟ. ಇನ್ನೊಂದು, ತೆಗೆಸಿದ ಮೇಲೂ ಚೆಕಪ್ ತಪ್ಪಲ್ಲ, ಸಿನ್‌ಗೆ ಕಾರಣವಾಗೋ ಎಚ್‌ಪಿವಿ ಅನ್ನೋ ವೈರಸ್ ಯೋನಿಯ ಮೇಲ್ಭಾಗದಲ್ಲೂ ಕಾಟ ಕೊಡ್ಬಹುದು. ದೊಡ್ಡ ಫೈಬ್ರಾಯ್ಡ್ (ಗರ್ಭಕೋಶದ ಗಡ್ಡೆ) ಇದ್ರೆ, ಲೀಪ್ ಆದ್ಮೇಲೂ ಮತ್ತೆ ಮತ್ತೆ ಬರ್ತಿದ್ರೆ ಆ ಮಾತು ಬೇರೆ. ಅತ್ತೆಯವರಿಗೂ ಇದನ್ನ ಓದಿಸಿ.

ಆದ್ಮೇಲೆ ಕೆಲವು ದಿನ ಕಾಫಿಪುಡಿ ಕದಡಿದ ಹಾಗೆ ಕಪ್ಪಗೆ ಹೋಗತ್ತೆ, ರಕ್ತ ನಿಲ್ಲೋಕೆ ಹಚ್ಚೋ ಪೇಸ್ಟ್‌ನಿಂದ ಅದು, ಹೆದರಬೇಡಿ. ಸುಮಾರು ಒಂದು ತಿಂಗಳು ಗಂಡ ಹೆಂಡ್ತಿ ಸೇರೋದು ಬೇಡ, ಮುಟ್ಟಿಗೆ ಕಪ್ ಬೇಡ, ಪ್ಯಾಡೇ ಹಾಕ್ಕೊಳ್ಳಿ. ಗಂಟೆಗೊಂದು ಪ್ಯಾಡ್ ತೊಯ್ಯೋಷ್ಟು ರಕ್ತ ಹೋದ್ರೆ, ಜ್ವರ ಬಂದ್ರೆ, ಕೆಟ್ಟ ವಾಸನೆ ಬಂದ್ರೆ ತಕ್ಷಣ ಆಸ್ಪತ್ರೆಗೆ ಹೋಗಿ. ಆರು ತಿಂಗಳಿಗೆ ಎಚ್‌ಪಿವಿ ಟೆಸ್ಟ್ ಮಾಡಿಸಿ, ಇದನ್ನ ಮಾತ್ರ ತಪ್ಪಿಸ್ಬೇಡಿ, ಆಮೇಲೂ ವರ್ಷಗಟ್ಲೆ ಚೆಕಪ್ ಇರತ್ತೆ.

ನಿಮ್ಮನೆಯವರನ್ನ ವಿಚಾರಣೆಗೆ ನಿಲ್ಲಿಸ್ಬೇಡಿ. ಎಚ್‌ಪಿವಿ ತುಂಬಾ ಜನಕ್ಕೆ ಬಂದು ಹೋಗೋ ವೈರಸ್, ವರ್ಷಗಟ್ಲೆ ಸದ್ದಿಲ್ಲದೆ ಇರತ್ತೆ, ಯಾವಾಗ ಯಾರಿಂದ ಬಂತು ಅಂತ ಯಾವ ಟೆಸ್ಟೂ ಹೇಳಲ್ಲ.

ಪ್ರಶ್ನೆ: ನನಗೆ 27, ಇನ್ನೂ ಮಗು ಆಗಿಲ್ಲ, ಸಿನ್ 2 ಅಂದಿದ್ದಾರೆ. ಲೀಪ್ ಮಾಡಿಸಿದ್ರೆ ಬಸಿರಾಗೋಕೆ ತೊಂದ್ರೆನಾ?
– ಶಿವಮೊಗ್ಗ

ಉತ್ತರ: ಬಸಿರಾಗೋಕೆ ಸಾಮಾನ್ಯವಾಗಿ ತೊಂದ್ರೆ ಇಲ್ಲ. ಆದ್ರೆ ಆಳವಾಗಿ ಕತ್ತರಿಸಿದಷ್ಟೂ ದಿನ ತುಂಬೋ ಮೊದಲೇ ಹೆರಿಗೆ ಆಗೋ ಸಾಧ್ಯತೆ ಸ್ವಲ್ಪ ಹೆಚ್ಚು. ಸಿನ್ 2 ಅಂದ್ರೆ ಸಿನ್ 3ಕ್ಕಿಂತ ಒಂದು ಹಂತ ಕಡಿಮೆ, ನಿಮ್ಮ ವಯಸ್ಸಲ್ಲಿ ಅದು ತಾನಾಗೇ ವಾಸಿ ಆಗೋದೂ ಉಂಟು, ಅದಕ್ಕೇ ಆರಾರು ತಿಂಗಳಿಗೆ ಕಾಲ್ಪಸ್ಕೋಪಿ ಮಾಡಿಸ್ತಾ ಕಾಯಬಹುದಾ ಅಂತ ಡಾಕ್ಟ್ರನ್ನ ಕೇಳಿ, ಆದ್ರೆ ಕಾಯೋದು ಅಂದ್ರೆ ಚೆಕಪ್‌ಗೆ ತಪ್ಪದೆ ಹೋಗೋರಿಗೆ ಮಾತ್ರ. ಲೀಪ್ ಮಾಡಿಸ್ಕೊಂಡ್ರೆ, ಬಸಿರಾದಾಗ ಮೊದಲ ಭೇಟೀಲೇ ಅದನ್ನ ಹೇಳಿ, ಗರ್ಭಕೋಶದ ಬಾಯಿಯ ಉದ್ದ ಎಷ್ಟಿದೆ ಅಂತ ಸ್ಕ್ಯಾನ್‌ನಲ್ಲಿ ನೋಡ್ತಾರೆ.