ಖಾಸಗಿ ಹಣದಲ್ಲಿ ವಿಶ್ವವಿದ್ಯಾಲಯದ ಕಟ್ಟಡ: ಹೊರೆ ಯಾರದು?

ಪ್ರಶ್ನೆ: ನಾನು ಸಾರ್ವಜನಿಕ ವಿಶ್ವವಿದ್ಯಾಲಯವೊಂದರ ಅಧ್ಯಾಪಕ. ಖಾಸಗಿ ಕಂಪನಿಯೊಂದು ನಮ್ಮ ಆವರಣದಲ್ಲಿ ಪ್ರಯೋಗಾಲಯ ಮತ್ತು ವಿದ್ಯಾರ್ಥಿನಿಲಯಗಳನ್ನು ತಾನೇ ಹಣ ಹೂಡಿ ಕಟ್ಟಿ, 30 ವರ್ಷ ನಿರ್ವಹಿಸಿ, ಬಳಿಕ ಹಸ್ತಾಂತರಿಸುವ ಪ್ರಸ್ತಾವ ಮುಂದಿಟ್ಟಿದೆ. ನಮಗೆ ಬಿಡಿಗಾಸಿನ ಹೊರೆಯೂ ಇಲ್ಲವೆಂದು ಆಡಳಿತ ಹೇಳುತ್ತಿದೆ. ನಂಬಬಹುದೇ?

ಉತ್ತರ: ಕಟ್ಟಡ ಮುಗಿಯುವವರೆಗೆ ಆ ಮಾತು ನಿಜ, ಆಮೇಲಿನ 30 ವರ್ಷಗಳಿಗೆ ನಿಜವಲ್ಲ. ಉದ್ಯಮಿಯ ದೇಣಿಗೆ ಬೇರೆ, ಹೂಡಿಕೆ ಬೇರೆ. ದಾನಿ ಹೆಚ್ಚೆಂದರೆ ಕಟ್ಟಡಕ್ಕೆ ತನ್ನ ಹೆಸರಿಡಲು ಕೇಳಿಯಾನು (ನಿರ್ವಹಣೆಯ ಖರ್ಚನ್ನು ಮರೆತೂ ಬಿಟ್ಟಾನು). ಹೂಡಿಕೆದಾರನಾದರೋ ಅಸಲನ್ನು ಲಾಭಸಮೇತ ಹಿಂಪಡೆಯಲೇಬೇಕು. ಅದನ್ನು ತೆರುವವರು ವಿಶ್ವವಿದ್ಯಾಲಯ ಅಥವಾ ವಿದ್ಯಾರ್ಥಿಗಳು, ಮೂರನೆಯವರಿಲ್ಲ.

ವಿಶ್ವವಿದ್ಯಾಲಯವೇ ತೆರುವ ಮಾದರಿಗೆ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮರ್ಸೆಡ್ ಆವರಣ ಒಳ್ಳೆಯ ನಿದರ್ಶನ. 2016ರಲ್ಲಿ 39 ವರ್ಷಗಳ ಅವಧಿಗೆ ಒಪ್ಪಂದವಾಗಿ, ಸುಮಾರು 130 ಕೋಟಿ ಡಾಲರ್ ವೆಚ್ಚದ ವಿಸ್ತರಣೆ 2020ರಲ್ಲಿ ಪೂರ್ಣಗೊಂಡಿತು. ಕಟ್ಟಡಗಳು ಬಳಕೆಗೆ ಯೋಗ್ಯವಾಗಿದ್ದರಷ್ಟೇ ಪೂರ್ಣ ಕಂತು, ನಿಗದಿತ ಗುಣಮಟ್ಟ ತಪ್ಪಿದರೆ ಕಡಿತ ಎಂಬುದು ಅದರ ಷರತ್ತು. ಹೀಗಾಗಿ ಕಟ್ಟಿದವನೇ ದುರಸ್ತಿಯ ಚಿಂತೆಯನ್ನೂ ಹೊರಬೇಕಾಯಿತು. ಆದರೆ ಅಲ್ಲಿಯೂ ಅರ್ಧಕ್ಕಿಂತ ಹೆಚ್ಚು ಬಂಡವಾಳವನ್ನು ವಿಶ್ವವಿದ್ಯಾಲಯವೇ ತನ್ನ ಸಾಲ ಮತ್ತು ನಿಧಿಗಳಿಂದ ಒದಗಿಸಿತ್ತು ಎಂಬುದನ್ನು ನಿಮ್ಮ ಆಡಳಿತ ಗಮನಿಸುವುದು ಒಳಿತು.

ಸಾರ್ವಜನಿಕ ಸಂಸ್ಥೆಗೆ ಸಾಮಾನ್ಯವಾಗಿ ಕಡಿಮೆ ಬಡ್ಡಿಗೆ ಸಾಲ ಸಿಗುವುದರಿಂದ ಖಾಸಗಿ ಬಂಡವಾಳ ದುಬಾರಿಯಾಗುತ್ತದೆ. ಬ್ರಿಟನ್ನಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿಯ 2018ರ ವರದಿಯ ಪ್ರಕಾರ, ಇಂಥ ವ್ಯವಸ್ಥೆಯಲ್ಲಿ ಕಟ್ಟಿದ ಶಾಲೆಗಳ ಒಂದು ಗುಂಪಿಗೆ ತಗಲಿದ ವೆಚ್ಚ ಸರ್ಕಾರವೇ ಸಾಲ ಮಾಡಿದ್ದರೆ ಆಗುತ್ತಿದ್ದುದಕ್ಕಿಂತ ಸುಮಾರು ಶೇ 40ರಷ್ಟು ಅಧಿಕ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅಲ್ಲಿನ ಸರ್ಕಾರ ಆ ಪದ್ಧತಿಯ ಹೊಸ ಒಪ್ಪಂದಗಳಿಗೆ ತೆರೆ ಎಳೆಯಿತು. ನಿರ್ಮಾಣದ ವಿಳಂಬ, ವೆಚ್ಚದ ಏರಿಕೆ, ಸೋರುವ ಚಾವಣಿ ಇವೆಲ್ಲದರ ಹೊಣೆ ನಿಜವಾಗಿ ಕಂಪನಿಯ ಮೇಲೆ ಬಿದ್ದರೆ ಮಾತ್ರ ಈ ಹೆಚ್ಚುವರಿ ವೆಚ್ಚಕ್ಕೆ ಅರ್ಥವಿದೆ.

ವಿದ್ಯಾರ್ಥಿನಿಲಯದ ವಿಷಯದಲ್ಲಿ ನನಗೆ ಆತಂಕ ಹೆಚ್ಚು, ಏಕೆಂದರೆ ಅಲ್ಲಿ ಕಂಪನಿಯ ವರಮಾನ ವಿದ್ಯಾರ್ಥಿಗಳ ಬಾಡಿಗೆಯಿಂದಲೇ ಬರುತ್ತದೆ. 2020ರಲ್ಲಿ ಕೋವಿಡ್ ಹಬ್ಬಿದಾಗ, ಅಮೆರಿಕದ ಜಾರ್ಜಿಯಾ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳ ನಿಲಯಗಳನ್ನು ನಡೆಸುತ್ತಿದ್ದ ಕಂಪನಿಯೊಂದು, ವಾಸಿಸುವ ವಿದ್ಯಾರ್ಥಿಗಳ ಸಂಖ್ಯೆಗೆ ಏಕಪಕ್ಷೀಯವಾಗಿ ಮಿತಿ ಹೇರುವ ಹಕ್ಕು ಆ ವಿಶ್ವವಿದ್ಯಾಲಯಗಳ ಆಡಳಿತಕ್ಕಿಲ್ಲವೆಂದು ಪತ್ರ ಬರೆಯಿತು. ಆರೋಗ್ಯದ ತೀರ್ಮಾನಕ್ಕೂ ಒಪ್ಪಂದದ ಷರತ್ತು ಅಡ್ಡ ಬರಬಲ್ಲದು ಎಂದಾಯಿತು.

ಆದ್ದರಿಂದ ಕರಡು ಒಪ್ಪಂದವನ್ನೇ ತರಿಸಿ ಓದಿ. ಕೊಠಡಿಗಳು ಖಾಲಿ ಉಳಿದರೆ ನಷ್ಟ ತುಂಬುವವರು ಯಾರು, ಬಾಡಿಗೆ ಏರಿಸುವ ಅಧಿಕಾರ ಯಾರಿಗೆ, 30ನೆಯ ವರ್ಷ ಕಟ್ಟಡ ಯಾವ ಸ್ಥಿತಿಯಲ್ಲಿ ಕೈಸೇರಬೇಕು ಎಂಬುದು ಸಂಖ್ಯೆಗಳ ಸಮೇತ ಅದರಲ್ಲಿರಬೇಕು. ವಿಶ್ವವಿದ್ಯಾಲಯವೇ ಸಾಲ ಮಾಡಿ ಕಟ್ಟಿದರೆ ಎಷ್ಟಾಗುತ್ತದೆ ಎಂಬ ತುಲನಾತ್ಮಕ ಲೆಕ್ಕವನ್ನೂ ಕೇಳಿ. ವ್ಯಾಪಾರಿ ಗೋಪ್ಯತೆಯ ನೆಪ ಹೇಳಿ ಅದನ್ನು ಕೊಡಲು ಒಪ್ಪದಿದ್ದರೆ, ಲೆಕ್ಕ ಕೈಗೆ ಬರುವ ತನಕ ಅಧ್ಯಾಪಕರು ಒಪ್ಪಿಗೆಯನ್ನು ತಡೆಹಿಡಿಯುವುದೇ ಸರಿ.